ನಕ್ಷತ್ರ ಸೊಟ್ಟ, ಕೊಕ್ಕಿಸಾಂ ಮೆತ್ತಗೆ: ಕ್ರಿಸ್‌ಮಸ್ ತಯಾರಿಯ ಪ್ರಶ್ನೋತ್ತರ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ ತಯಾರಿಯ ಬಗ್ಗೆ ಕರಾವಳಿಯಿಂದಲೂ ಹೊರಗಿನಿಂದಲೂ ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಮನೆಯಲ್ಲಿ ಮೊದಲ ಸಲ ನಾಲ್ಕು ಮೇಣದಬತ್ತಿಯ ಅಡ್ವೆಂಟ್ ಮಾಲೆ ಇಡುತ್ತಿದ್ದೇವೆ. ಯಾವ ದಿನದಿಂದ ಶುರು? ಬತ್ತಿಗಳ ಬಣ್ಣ ಯಾವುದು?
*(ಮೈಸೂರಿನ ಓದುಗರು)*

ಡಿಸೆಂಬರ್ 25ರಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ. ಅದಕ್ಕೆ ಮುಂಚಿನ ನಾಲ್ಕನೇ ಭಾನುವಾರವೇ ಆಗಮನ ಕಾಲದ, ಅಂದರೆ ಅಡ್ವೆಂಟಿನ, ಮೊದಲ ದಿನ. 2025ರಲ್ಲಿ ಅದು ನವೆಂಬರ್ 30, 2026ರಲ್ಲಿ ನವೆಂಬರ್ 29. ಹಬ್ಬ ಸೋಮವಾರ ಬಿದ್ದ ವರ್ಷ, ಉದಾಹರಣೆಗೆ 2023ರಲ್ಲಿ, ಆಗಮನ ಕಾಲದ ಕೊನೆಯ ಭಾನುವಾರವೇ ಡಿಸೆಂಬರ್ 24 ಆಗಿ ಇಡೀ ಕಾಲ 22 ದಿನಕ್ಕೆ ಮುಗಿಯುತ್ತದೆ. ದಿನಕ್ಕೊಂದು ಕಿಟಕಿ ತೆರೆಯುವ ಅಂಗಡಿಯ ಕ್ಯಾಲೆಂಡರ್ ಮಾತ್ರ ಯಾವಾಗಲೂ ಡಿಸೆಂಬರ್ 1ಕ್ಕೇ ಶುರುವಾಗುತ್ತದೆ. ಎರಡನ್ನೂ ಬೆರೆಸಬೇಡಿ.

ಕಥೋಲಿಕ ರೂಢಿಯಲ್ಲಿ ಮೂರು ಬತ್ತಿ ನೇರಳೆ, ಒಂದು ಗುಲಾಬಿ. ಗುಲಾಬಿಯದು ಮೂರನೇ ಭಾನುವಾರಕ್ಕೆ. ನಡುವೆ ಬಿಳಿ ಬತ್ತಿ ಇಡುವವರು ಅದನ್ನು 24ರ ರಾತ್ರಿ ಹಚ್ಚುತ್ತಾರೆ. ಈ ಪದ್ಧತಿ ಶುರುವಾದದ್ದು 1839ರಲ್ಲಿ, ಹ್ಯಾಂಬರ್ಗಿನಲ್ಲಿ. ಬಡ ಮಕ್ಕಳ ವಸತಿಗೃಹ ನಡೆಸುತ್ತಿದ್ದ ಪ್ರೊಟೆಸ್ಟೆಂಟ್ ಪಾದ್ರಿ ಯೋಹಾನ್ ಹಿನ್ರಿಕ್ ವಿಖರ್ನ್, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳಿಗೆ ತೋರಿಸಲು ಒಂದು ಬಂಡಿ ಚಕ್ರದ ಮೇಲೆ ದಿನಕ್ಕೊಂದರಂತೆ ಬತ್ತಿ ಇಟ್ಟರು. ಭಾನುವಾರಕ್ಕೆ ದೊಡ್ಡದು, ವಾರದ ದಿನಕ್ಕೆ ಚಿಕ್ಕದು. ಹಾಗಾಗಿ ಬಣ್ಣ ಸಿಗಲಿಲ್ಲವೆಂದು ಒದ್ದಾಡಬೇಡಿ, ನಾಲ್ಕೂ ಬಿಳಿ ಇದ್ದರೂ ನಡೆಯುತ್ತದೆ.

ಎಡವಟ್ಟಾಗುವುದು ಬತ್ತಿಯ ಉದ್ದದಲ್ಲಿ. ಮೊದಲನೆಯದು ನಾಲ್ಕೂ ವಾರ ಉರಿಯಬೇಕು. ದಿನಾ ಸಂಜೆ 15 ನಿಮಿಷ ಹಚ್ಚಿದರೆ 28 ದಿನಕ್ಕೆ 7 ಗಂಟೆ. ಎರಡು ಸೆಂಟಿಮೀಟರ್ ದಪ್ಪದ ಬತ್ತಿ ಗಂಟೆಗೆ ಸುಮಾರು ಎರಡೂವರೆ ಸೆಂಟಿಮೀಟರ್ ಕರಗುತ್ತದೆ, ಫ್ಯಾನ್ ಗಾಳಿ ಬಡಿದರೆ ಇನ್ನೂ ಬೇಗ. ಆದ್ದರಿಂದ 20 ಸೆಂಟಿಮೀಟರಿಗಿಂತ ಗಿಡ್ಡ ಬತ್ತಿ ತರಬೇಡಿ. ಮಾಲೆಗೆ ಸರ್ವೆ ಸೊಪ್ಪು ಕಟ್ಟುವವರು ವಾರಕ್ಕೊಮ್ಮೆ ಬದಲಿಸಲೇಬೇಕು. ಒಣಗಿದ ಸರ್ವೆ ಬೆಂಕಿಪೊಟ್ಟಣಕ್ಕೆ ಸಮ. ಮಾಲೆಯನ್ನು ಮರಳು ಹರಡಿದ ಸ್ಟೀಲ್ ತಟ್ಟೆಯಲ್ಲಿಡಿ, ಸೊಪ್ಪಿನಿಂದ ನಾಲ್ಕು ಬೆರಳು ಮೇಲಕ್ಕೆ ಬತ್ತಿ ಕರಗಿ ಬಂದರೆ ಹೊಸದು ಹಾಕಿ.

ಬಿದಿರಿನ ನಕ್ಷತ್ರ ಪ್ರತಿ ವರ್ಷ ಸೊಟ್ಟ ಆಗುತ್ತದೆ. ಒಂದು ಕೊಂಬು ಉದ್ದ, ಒಂದು ಗಿಡ್ಡ. ಸರಿಯಾದ ಅಳತೆ ಇದೆಯೇ?
*(ಬೆಳ್ತಂಗಡಿಯ ಯುವಕರ ಗುಂಪು)*

ಇದೆ, ಅದೂ ಲೆಕ್ಕಾಚಾರದ ಅಳತೆ. ಐದು ಕೊಂಬಿನ ನಕ್ಷತ್ರದಲ್ಲಿ ಪ್ರತಿ ಸೀಳನ್ನೂ ಬೇರೆ ಎರಡು ಸೀಳುಗಳು ಅಡ್ಡ ಹಾಯುತ್ತವೆ. ಹಾಯುವ ಜಾಗ ಒಂದು ತುದಿಯಿಂದ ನೂರಕ್ಕೆ 38.2 ಪಾಲು, ಇನ್ನೊಂದು 61.8 ಪಾಲು. 90 ಸೆಂಟಿಮೀಟರ್ ಸೀಳಿಗೆ 34.4 ಮತ್ತು 55.6. ಕಟ್ಟುವ ಮೊದಲೇ ಎಲ್ಲ ಸೀಳುಗಳ ಮೇಲೂ ಈ ಎರಡು ಗುರುತು ಪೆನ್ಸಿಲಿನಲ್ಲಿ ಹಾಕಿಕೊಳ್ಳಿ. ಗುರುತಿಗೆ ಗುರುತು ಕೂಡಿದರೆ ಕೊಂಬುಗಳು ತಾವಾಗಿಯೇ ಸಮ ಬರುತ್ತವೆ. ಕಣ್ಣಂದಾಜಿನಲ್ಲಿ ಕಟ್ಟಿ ಆಮೇಲೆ ಎಳೆದಾಡಿದರೆ ಒಂದು ಸರಿಯಾಗಿ ಇನ್ನೊಂದು ಕೆಡುತ್ತದೆ.

ಬೇಕಾದದ್ದು: 92 ಸೆಂಟಿಮೀಟರಿನ ಹತ್ತು ಸೀಳು (ಎರಡೂ ತುದಿಯಲ್ಲಿ ಒಂದೊಂದು ಸೆಂಟಿಮೀಟರ್ ಕಟ್ಟಿಗೆ ಹೋಗುತ್ತದೆ, ಗುರುತನ್ನು ಕಟ್ಟು ಬೀಳುವ ಜಾಗದಿಂದ ಅಳೆಯಿರಿ), 18 ಸೆಂಟಿಮೀಟರಿನ ಐದು ಗಿಡ್ಡ ಕಡ್ಡಿ, ಸೆಣಬಿನ ಹುರಿ. ಸೀಳು ಒಂದು ಸೆಂಟಿಮೀಟರ್ ಅಗಲ, ಅರ್ಧ ಸೆಂಟಿಮೀಟರಿಗಿಂತ ಕಡಿಮೆ ದಪ್ಪ ಇರಲಿ. ಗಂಟು ಇರುವ ಕಡೆ ಬಿದಿರು ಬಾಗುವುದಿಲ್ಲ, ಆದ್ದರಿಂದ ಗಂಟನ್ನು ಚೂರಿಯಿಂದ ಹೆರೆದು ಸಮ ಮಾಡಿ. ಹಸಿ ಬಿದಿರು ಒಣಗುವಾಗ ಕುಗ್ಗಿ ಕಟ್ಟು ಸಡಿಲವಾಗುತ್ತದೆ. ನವೆಂಬರ್ ಮಧ್ಯದಲ್ಲೇ ಸೀಳಿ ನೆರಳಲ್ಲಿಡುವುದು ಇದಕ್ಕಾಗಿಯೇ.

ಐದು ಸೀಳುಗಳಿಂದ ಒಂದು ನಕ್ಷತ್ರ ಕಟ್ಟಿ. ಪ್ರತಿ ಸೀಳೂ ಒಂದು ಕಡೆ ಮೇಲಿಂದ, ಇನ್ನೊಂದು ಕಡೆ ಕೆಳಗಿಂದ ಹಾಯಲಿ. ಚಾಪೆ ಹೆಣಿಗೆಯಂತೆ ಅದು ತಾನೇ ಬಿಗಿ ಹಿಡಿಯುತ್ತದೆ. ಅಂಥದ್ದೇ ಇನ್ನೊಂದು ಮಾಡಿ, ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಮಾತ್ರ ಜೋಡಿಸಿ ಕಟ್ಟಿ. ಈಗ ನಡುವನ್ನು ಅಗಲಿಸಿ, ಒಳಗಿನ ಐದು ಕೂಡುಜಾಗಗಳಲ್ಲಿ ಗಿಡ್ಡ ಕಡ್ಡಿ ನಿಲ್ಲಿಸಿ. ಕಡ್ಡಿಯನ್ನು ಕೊಂಬಿನ ಕಡೆಗೆ ಸರಿಸಿದರೆ ಹೊಟ್ಟೆ ಬರುವುದಿಲ್ಲ, ಕೊಂಬು ಮೊಂಡಾಗುತ್ತದೆ.

ಗಾಳಿಪಟದ ಕಾಗದವನ್ನು ಮೈದಾ ಅಂಟಿನಲ್ಲಿ ಹಚ್ಚಿ. ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತು ಹಾಕಿದರೆ ಜಿರಳೆ ಮುಟ್ಟುವುದಿಲ್ಲ. ಆದರೆ ಅದು ವಿಷ, ಮಕ್ಕಳು ಕೈ ಹಾಕುವ ಪಾತ್ರೆಯಲ್ಲಿ ಬೇಡ. ಮುಂದೆ ಹಿಂದೆ ಹಚ್ಚಿ ಮುಗಿಸಿ, ಕೊಂಬುಗಳ ಅಂಚಿನ ಹತ್ತು ಸಪೂರ ತ್ರಿಕೋನಗಳನ್ನು ಮರೆಯುವವರೇ ಹೆಚ್ಚು. ಹಿಂಬದಿಯ ನಡು ಭಾಗ ಅರ್ಧ ತೆರೆದಿರಲಿ, ಬಲ್ಬ್ ಬದಲಿಸಲು ದಾರಿ ಬೇಕು. ಅಂಟು ಒಣಗಿದ ಮೇಲೆ ಕಾಗದಕ್ಕೆ ಹಗುರವಾಗಿ ನೀರು ಸಿಂಪಡಿಸಿದರೆ ಒಣಗುತ್ತಾ ಡೋಲಿನ ಚರ್ಮದಂತೆ ಬಿಗಿಯುತ್ತದೆ. ಬಣ್ಣ ಬಿಡುವ ಕ್ರೇಪ್ ಕಾಗದಕ್ಕೆ ಮಾತ್ರ ಈ ಉಪಾಯ ಬೇಡ. ಒಳಗೆ 5 ಅಥವಾ 7 ವ್ಯಾಟಿನ ಎಲ್‌ಇಡಿ ಸಾಕು. ಹಳೆಯ 60 ವ್ಯಾಟಿನ ತಂತಿ ಬಲ್ಬು ಕಾಗದವನ್ನು ಮೊದಲು ಕಂದಿಸುತ್ತದೆ, ಆಮೇಲೆ ಸುಡುತ್ತದೆ. ನಕ್ಷತ್ರದ ಭಾರ ಹಗ್ಗದ ಮೇಲಿರಲಿ, ಕರೆಂಟ್ ವೈರಿನ ಮೇಲಲ್ಲ.

ಕೊಕ್ಕಿಸಾಂ ಅಚ್ಚಿನಿಂದ ಬಿಡುವುದೇ ಇಲ್ಲ. ಬಿಟ್ಟವು ಎರಡು ದಿನಕ್ಕೆ ಮೆತ್ತಗಾಗುತ್ತವೆ.
*(ಕುಂದಾಪುರ, ಹೊನ್ನಾವರ ಮತ್ತು ಬೆಂಗಳೂರಿನಿಂದ ಇದೇ ದೂರು)*

ಗುಲಾಬಿ ಹೂ ಎಂದು ಬೇಕರಿಗಳಲ್ಲಿ ಮಾರುವ ಇದು ಕುಸ್ವಾರಿನ (ಕರಾವಳಿಯ ಕ್ರಿಸ್‌ಮಸ್ ತಿಂಡಿಗಳ ಬುತ್ತಿ) ಬೇರೆಲ್ಲ ತಿಂಡಿಗಳಿಗಿಂತ ಹೆಚ್ಚು ಸತಾಯಿಸುತ್ತದೆ. ಹಿಟ್ಟು, ಅಚ್ಚು, ಎಣ್ಣೆ, ಮೂರರಲ್ಲಿ ಯಾವುದು ತಪ್ಪಿದರೂ ಲಕ್ಷಣ ಒಂದೇ ಥರ ಕಾಣುವುದೇ ತೊಂದರೆ.

ಹಿಟ್ಟಿನ ಅಳತೆ: ಎರಡು ಕಪ್ ಬೆಳ್ತಿಗೆ ಅಕ್ಕಿ ನಾಲ್ಕು ಗಂಟೆ ನೆನೆಸಿ ಬಸಿದು, ಸುಮಾರು ಒಂದು ಕಪ್ ದಪ್ಪ ತೆಂಗಿನಹಾಲಿನಲ್ಲಿ ನುಣ್ಣಗೆ ರುಬ್ಬಿ. ಕಾಲು ಕಪ್ ಮೈದಾ, ಒಂದು ಮೊಟ್ಟೆ, ಅರ್ಧ ಕಪ್ ಸಕ್ಕರೆ, ಚಿಟಿಕೆ ಉಪ್ಪು, ಒಂದು ಚಮಚ ಎಳ್ಳು. ಹದ ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆಗಿಂತ ದಪ್ಪ. ಸೌಟಿನ ಬೆನ್ನಿಗೆ ಹತ್ತಿದ ಹಿಟ್ಟಿನ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು.

ಹೊಸ ಅಚ್ಚನ್ನು ಒಂದು ದಿನ ಅಕ್ಕಿ ತೊಳೆದ ನೀರಿನಲ್ಲಿ, ಇನ್ನೊಂದು ರಾತ್ರಿ ಎಣ್ಣೆಯಲ್ಲಿ ಇಡಿ. ಆದರೂ ಮೊದಲ ನಾಲ್ಕೈದು ಹೂ ಹಾಳಾಗುವುದು ಮಾಮೂಲು. ಹಳೆ ಅಚ್ಚನ್ನು ಸೋಪು ಹಾಕಿ ಉಜ್ಜಿದರೆ ಅದೂ ಹೊಸತೇ ಆಯಿತು. ಬಟ್ಟೆಯಲ್ಲಿ ಒರೆಸಿ ಎತ್ತಿಡಿ, ಅಷ್ಟೇ.

ಕರಿಯುವಾಗ ಅಚ್ಚು ಎರಡು ಮೂರು ನಿಮಿಷ ಎಣ್ಣೆಯಲ್ಲೇ ಕಾಯಲಿ. ಎತ್ತಿ, ಎಣ್ಣೆ ಕೊಡವಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಮುಳುಗಿಸಿ. ಅಂಚು ದಾಟಿ ಹಿಟ್ಟು ಮೇಲೆ ಹೋದರೆ ಹೂ ಅಚ್ಚನ್ನು ಮೇಲಿನಿಂದ ಅಪ್ಪಿಕೊಂಡುಬಿಡುತ್ತದೆ, ಬ್ರಹ್ಮ ಬಂದರೂ ಬಿಡಿಸಲಾರ. ಅಚ್ಚು ಹಿಟ್ಟಿಗೆ ತಾಗಿದಾಗ ಸಣ್ಣಗೆ ಚೊಂಯ್ ಎನ್ನಬೇಕು. ಸದ್ದೇ ಇಲ್ಲದೆ ಹಿಟ್ಟು ಜಾರಿ ಇಳಿದರೆ ಅಚ್ಚು ತಣ್ಣಗಿದೆ. ಜೋರಾಗಿ ಸಿಡಿದು ಹಿಟ್ಟು ಬಟ್ಟಲಲ್ಲೇ ಬೆಂದು ಉದುರಿದರೆ ಕಾವು ಹೆಚ್ಚಾಗಿದೆ. ಎಣ್ಣೆಗಿಳಿಸಿ 20–30 ಸೆಕೆಂಡಿಗೆ ಅಂಚು ಬಿಟ್ಟುಕೊಳ್ಳುತ್ತದೆ, ಆಗ ಅಲ್ಲಾಡಿಸಿ. ಹಟ ಮಾಡಿದರೆ ಕಡ್ಡಿಯಿಂದ ಒಂದು ಮೂಲೆ ಮೆಲ್ಲಗೆ ತಳ್ಳಿ. ಹದಿನೈದು ಇಪ್ಪತ್ತು ಹೂ ಆದ ಮೇಲೆ, ಬಿಸಿ ಅಚ್ಚು ಅದ್ದಿ ಅದ್ದಿ ಬಟ್ಟಲ ಹಿಟ್ಟು ದಪ್ಪವಾಗಿರುತ್ತದೆ. ಆಗ ಒಂದು ಚಮಚ ತೆಂಗಿನಹಾಲು ಬೆರೆಸಿ ಕಲಕಿ.

ಮೆತ್ತಗಾಗುವುದಕ್ಕೆ ಮುಖ್ಯ ಕಾರಣ ಅವಸರ. ಎಣ್ಣೆಯ ಗುಳ್ಳೆ ಅಡಗುವ ಮುಂಚೆ ತೆಗೆದರೆ ಒಳಗೆ ನೀರು ಉಳಿದಿರುತ್ತದೆ. ಬಿಸಿಯಲ್ಲೇ ಡಬ್ಬಿ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕಟ್ಟುತ್ತದೆ. ಸಕ್ಕರೆ ಹೆಚ್ಚಾದರೂ ಬೇಗ ಕೆಂಪಾಗಿ, ಬೆಂದಿದೆ ಎಂದು ಮೋಸ ಮಾಡುತ್ತದೆ. ಕರಾವಳಿಯ ತೇವದಲ್ಲಿ ಒಂದೇ ದೊಡ್ಡ ಡಬ್ಬಿಯ ಬದಲು ಮೂರು ಚಿಕ್ಕವು ವಾಸಿ.

ದುಬೈಯಲ್ಲಿರುವ ಮಗನಿಗೆ ಕುಸ್ವಾರ್ ಕಳಿಸಬೇಕು. ಯಾವುದನ್ನು ಮೊದಲು ಮಾಡಲಿ?
*(ಶಿರ್ವದ ಓದುಗರು)*

ಗುಳಿಯೊ (ಕರಿದ ಸಿಹಿ ಗುಂಡು), ಚಕ್ಕುಲಿ, ಸಕ್ಕರೆ ಲೇಪಿಸದ ಕಿಡಿಯೊ (ಸುರುಳಿ ಸುತ್ತಿ ಕರಿದ ತಿಂಡಿ) ಮೊದಲು. ಮೂರೂ ಮೂರು ವಾರ ಧಾರಾಳ ಇರುತ್ತವೆ. ನೆವ್ರ್ಯೊ (ಕರ್ಜಿಕಾಯಿ) ಕೊನೆಗೆ, ಏಕೆಂದರೆ ಒಳಗಿನ ತೆಂಗಿನಕಾಯಿ ಎಲ್ಲಕ್ಕಿಂತ ಮೊದಲು ಕಮಟುತ್ತದೆ. ಹೂರಣದ ಕಾಯಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಸಕ್ಕರೆ ಸೇರಿಸಿ. ಬಿಸಿಯಲ್ಲಿ ಸೇರಿಸಿದರೆ ಸಕ್ಕರೆ ನೀರಾಗಿ, ಎಣ್ಣೆಯಲ್ಲಿ ನೆವ್ರ್ಯೊ ಬಾಯಿ ಬಿಡುತ್ತದೆ. ಕಿಡಿಯೊಗೆ ಸಕ್ಕರೆ ಲೇಪಿಸುವುದಾದರೆ ಎರಡೆಳೆ ಪಾಕ ಬೇಕು, ಒಲೆಯಿಂದ ಇಳಿಸಿ ಬಿಳಿಯಾಗುವ ತನಕ ತಿರುವುತ್ತಲೇ ಇರಿ. ಒಂದೆಳೆಯಲ್ಲಿ ನಿಲ್ಲಿಸಿದರೆ ಡಬ್ಬಿಯಲ್ಲಿ ಎಲ್ಲ ಅಂಟಿ ಒಂದೇ ಉಂಡೆ. ಕೊಕ್ಕಿಸಾಂ ಪಾರ್ಸಲಿನಲ್ಲಿ ಪುಡಿಯಾಗುತ್ತದೆ, ಬಿಟ್ಟುಬಿಡಿ.

ಮದ್ಯ ಇಲ್ಲದೆ ಪ್ಲಮ್ ಕೇಕ್ ಮಾಡುತ್ತೇವೆ. ಹಣ್ಣನ್ನು ಈಗಲೇ ನೆನೆಸಬಹುದೇ? ಹಣ್ಣೆಲ್ಲ ತಳಕ್ಕೆ ಹೋಗುವುದೇಕೆ?
*(ಹುಬ್ಬಳ್ಳಿಯ ಓದುಗರು)*

ಈಗಲೇ ಬೇಡ. ರಮ್ಮಿನಲ್ಲಿ ತಿಂಗಳುಗಟ್ಟಲೆ ಇಡಬಹುದು, ಕಿತ್ತಳೆ ರಸದಲ್ಲಿ ಇಟ್ಟರೆ ಹುಳಿಯುತ್ತದೆ. ಅರ್ಧ ಕಿಲೋ ಒಣಹಣ್ಣಿಗೆ 250 ಮಿಲಿ ರಸ ಹಾಕಿ ಐದು ನಿಮಿಷ ಸಣ್ಣಗೆ ಕುದಿಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ಒಂದು ರಾತ್ರಿ ಸಾಕು, ಮೂರು ದಿನ ದಾಟಬಾರದು.

ಹಣ್ಣಿಗೆ ಮೈದಾ ಸವರಿದರೆ ಮುಳುಗುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಹಿಟ್ಟೇ ನೀರಾಗಿದ್ದರೆ ಎಷ್ಟು ಸವರಿದರೂ ಮುಳುಗುತ್ತದೆ. ಹಣ್ಣನ್ನು ಜರಡಿಯಲ್ಲಿ ಚೆನ್ನಾಗಿ ಬಸಿದು, ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ಹಿಟ್ಟು ಚಮಚದಿಂದ ಧಾರೆಯಾಗಿ ಸುರಿಯದೆ ಮುದ್ದೆಯಾಗಿ ಬೀಳಬೇಕು. ಬಣ್ಣಕ್ಕೆ ಸಕ್ಕರೆ ಸುಡುವಾಗ ಕುದಿಯುವ ನೀರನ್ನೇ, ಅದೂ ದೂರ ನಿಂತು ಹಾಕಿ. ತಣ್ಣೀರು ಹಾಕಿದರೆ ಪಾಕ ಮುಖಕ್ಕೇ ಸಿಡಿಯುತ್ತದೆ.

ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹುಲ್ಲು ಹಬ್ಬದ ಹೊತ್ತಿಗೆ ಹಳದಿಯಾಗಿ ಮಲಗುತ್ತದೆ. ಬಾಲಯೇಸುವನ್ನು ಯಾವಾಗ ಇಡಬೇಕು?
*(ಉಡುಪಿಯ ಓದುಗರು)*

ಬಿತ್ತಿದ್ದು ಬೇಗ ಆಯಿತು. ರಾಗಿ ಎರಡು ಮೂರು ಇಂಚು ಬರಲು ಎಂಟು ಹತ್ತು ದಿನ ಸಾಕು, ಹಾಗಾಗಿ ಡಿಸೆಂಬರ್ 14–15ಕ್ಕೆ ಬಿತ್ತಿ. ಭತ್ತವಾದರೆ ಮೂರು ನಾಲ್ಕು ದಿನ ಮುಂಚೆ. ಒಂದು ರಾತ್ರಿ ನೆನೆದ ರಾಗಿಯನ್ನು ಎರಡು ಬೆರಳು ದಪ್ಪದ ಮಣ್ಣು–ಮರಳಿನ ಮೇಲೆ ಒತ್ತಾಗಿ ಹರಡಿ, ಎರಡು ದಿನ ಒದ್ದೆ ಗೋಣಿ ಮುಚ್ಚಿ. ಮೊಳಕೆ ಕಂಡ ಕೂಡಲೇ ಬೆಳಕಿಗೆ ತನ್ನಿ. ಇಲ್ಲಿ ತಡವಾದರೆ ಪೈರು ಬಿಳಿಚಿ ಬಾಗುತ್ತದೆ. ನೀರನ್ನು ಕೈಯಿಂದ ಚಿಮುಕಿಸಿ, ಸುರಿಯಬೇಡಿ. ಬೂಸ್ಟು ಮತ್ತು ವಾಸನೆ ಬರುವುದು ತಳದಲ್ಲಿ ನಿಂತ ನೀರಿನಿಂದ, ತಟ್ಟೆಗೆ ತೂತು ಇರಲೇಬೇಕು.

ಬಾಲಯೇಸು 24ರ ರಾತ್ರಿಯ ಪೂಜೆ ಮುಗಿದ ಮೇಲೆ. ಅಲ್ಲಿಯವರೆಗೆ ಹುಲ್ಲುತೊಟ್ಟಿ ಖಾಲಿ. ದಿನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ಮಗು ಅದಕ್ಕೆ ಒಂದೆಳೆ ಹುಲ್ಲು ಹಾಕುವ ಪದ್ಧತಿ ಕೆಲವು ಮನೆಗಳಲ್ಲಿದೆ. ಖಾಲಿ ತೊಟ್ಟಿ ಮಕ್ಕಳನ್ನು ನಾಲ್ಕು ವಾರ ಹಿಡಿದಿಡಲು ನಮಗೆ ಗೊತ್ತಿರುವ ಅತಿ ಅಗ್ಗದ ಉಪಾಯ ಇದು. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಏರ್ಪಡಿಸಿದ ಗೋದಲಿಯಲ್ಲೂ ಇದ್ದದ್ದು ಹುಲ್ಲು ತುಂಬಿದ ತೊಟ್ಟಿ, ಜೀವಂತ ಎತ್ತು ಮತ್ತು ಕತ್ತೆ. ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಗೊಂಬೆಗಳನ್ನು ಕೋಣೆಯ ಆಚೆ ಮೂಲೆಯಲ್ಲಿಟ್ಟು ದಿನಾ ಒಂದಿಷ್ಟು ಮುಂದೆ ಸರಿಸಿ. ಅವರು ತಲುಪುವುದು ಜನವರಿಯ ರಾಯರ ಹಬ್ಬಕ್ಕೆ.

ಕ್ರಿಸ್‌ಮಸ್ ಫ್ರೆಂಡ್ ಆಟದಲ್ಲಿ, ಯಾರಿಗೆ ಗುಟ್ಟಾಗಿ ಉಡುಗೊರೆ ಕೊಡಬೇಕೆಂದು ಚೀಟಿ ಎತ್ತುವಾಗ ಯಾರಿಗಾದರೂ ತಮ್ಮದೇ ಹೆಸರು ಬಂದು, ಮತ್ತೆ ಮತ್ತೆ ಎತ್ತಬೇಕಾಗುತ್ತದೆ.
*(ಬೆಂಗಳೂರಿನ ಕಚೇರಿಯೊಂದರಿಂದ)*

ಬರಲೇಬೇಕು! ಇಪ್ಪತ್ತು ಜನರಿರಲಿ, ಇನ್ನೂರು ಇರಲಿ, ನೂರು ಸಲ ಚೀಟಿ ಎತ್ತಿದರೆ ಸುಮಾರು 63 ಸಲ ಕನಿಷ್ಠ ಒಬ್ಬರಿಗೆ ಸ್ವಂತ ಹೆಸರೇ ಸಿಗುತ್ತದೆ. ಆಟದಲ್ಲಿ ಇಲ್ಲದ ಒಬ್ಬರಿಗೆ ಎಲ್ಲ ಚೀಟಿ ಕೊಡಿ. ಅವರು ಕಲಸಿ ಒಂದೇ ಸಾಲಿನಲ್ಲಿಡಲಿ. ಮೊದಲನೆಯವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ, ಕೊನೆಯವರು ಮೊದಲನೆಯವರಿಗೆ ಉಡುಗೊರೆ ಕೊಡಬೇಕು. ಪ್ರತಿಯೊಬ್ಬರ ಕಿವಿಯಲ್ಲೂ ಅವರು ಉಡುಗೊರೆ ಕೊಡಬೇಕಾದವರ ಹೆಸರನ್ನಷ್ಟೇ ಹೇಳಲಿ. ಇಬ್ಬರು ಪರಸ್ಪರ ಬದಲಾಯಿಸಿಕೊಳ್ಳುವ ಪೆಚ್ಚು ಪ್ರಸಂಗವೂ ತಪ್ಪುತ್ತದೆ. ಉಡುಗೊರೆಗೆ ಮೇಲಿನ ಮಿತಿಯಷ್ಟೇ ಅಲ್ಲ, ಕೆಳಗಿನ ಮಿತಿಯನ್ನೂ ಮೊದಲೇ ಹೇಳಿ. ಜಗಳ ಹುಟ್ಟುವುದು ಅಲ್ಲೇ.

ಕ್ಯಾರಲ್ ತಂಡಕ್ಕೆ ಒಂದೇ ಸಂಜೆಯಲ್ಲಿ ಎಷ್ಟು ಮನೆ?
*(ಮಂಗಳೂರಿನ ಓದುಗರು)*

ಎರಡು ಹಾಡು, ಒಂದು ಪ್ರಾರ್ಥನೆ, ಒಂದು ಲೋಟ ಜ್ಯೂಸ್ ಸೇರಿ ಮನೆಗೆ ಹತ್ತು ನಿಮಿಷ, ನಡಿಗೆಗೆ ಐದು. ಆರೂವರೆಗೆ ಹೊರಟರೆ ಹತ್ತರೊಳಗೆ ಹದಿನಾಲ್ಕು ಮನೆ, ಅದಕ್ಕಿಂತ ಹೆಚ್ಚಿದ್ದರೆ ತಂಡ ಒಡೆಯಿರಿ. ಧ್ವನಿವರ್ಧಕ ಇದ್ದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಿಶೇಷ ಅನುಮತಿಯಿಲ್ಲದೆ ಹಚ್ಚುವಂತಿಲ್ಲ. ಮಕ್ಕಳ ಗಂಟಲು ಹೇಗೂ ಒಂಬತ್ತಕ್ಕೇ ಕಟ್ಟುತ್ತದೆ, ಎತ್ತರದ ಶ್ರುತಿಯ ಹಾಡುಗಳನ್ನು ಮೊದಲ ಮನೆಗಳಲ್ಲೇ ಮುಗಿಸಿ.