ಹಳೇದೆಲ್ಲ ನೆನಪಿದೆ, ಹೋದ ತಿಂಗಳದ್ದು ಇಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ 72 ವರ್ಷ. ಕಾಲೇಜಲ್ಲಿ ಆಗಿದ್ದು, ಮೊದಲನೇ ಕೆಲಸಕ್ಕೆ ಸೇರಿದ್ದು ಎಲ್ಲಾ ನಿನ್ನೆ ಆದ ಹಾಗೆ ಹೇಳ್ತಾರೆ. ಹೋದ ತಿಂಗಳು ನಾವೆಲ್ಲ ಸೇರಿದ್ದು ಕೇಳಿದ್ರೆ "ಹೂಂ, ಚೆನ್ನಾಗಿತ್ತು" ಅಷ್ಟೇ. ಅಮ್ಮ ತೀರ್ಕೊಂಡ ಮೇಲೆ ಇದು ಜಾಸ್ತಿ ಆಗಿದೆ. ಮರೆವಿನ ಕಾಯಿಲೆನಾ, ಡಿಪ್ರೆಶನ್ನಾ?

ಉತ್ತರ: ಹಳೇದು ಚೆನ್ನಾಗಿ ನೆನಪಿರೋದಕ್ಕೆ ಹೆದರಬೇಡಿ. ವಯಸ್ಸಾದವರನ್ನ ನಿಮ್ಮ ಜೀವನದ ಘಟನೆ ಹೇಳಿ ಅಂದ್ರೆ ಹೆಚ್ಚಾಗಿ ಬರೋದು 10ರಿಂದ 30ರ ವಯಸ್ಸಿನವೇ, ಮೊದಲ ಕೆಲಸ, ಮದುವೆ, ಮೊದಲ ಮಗು ಎಲ್ಲಾ ಆಗ್ಲೇ ಆಗಿರತ್ತೆ, ಆಮೇಲೆ ಎಷ್ಟೋ ಸಲ ಹೇಳ್ಕೊಂಡೂ ಇರ್ತಾರೆ. ಈಚಿನದ್ದರಲ್ಲಿ ಯಾರು ಎಲ್ಲಿ ಕೂತಿದ್ರು, ಏನಂದ್ರು ಅನ್ನೋ ವಿವರ ಉದುರಿಹೋಗಿ ಸಾರಾಂಶ ಮಾತ್ರ ಉಳಿಯೋದೂ ವಯಸ್ಸಿನ ಸಹಜ.

ಆದ್ರೆ "ಅಮ್ಮ ತೀರ್ಕೊಂಡ ಮೇಲೆ" ಅಂದ್ರಲ್ಲ, ನಂಗೆ ಮುಖ್ಯ ಅನ್ಸಿದ್ದು ಅದು. 1986ರಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್, ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರಿಗೆ ಒಂದೊಂದು ಪದ ಕೊಟ್ಟು ಅದಕ್ಕೆ ಹೊಂದೋ ಒಂದು ಘಟನೆ ಹೇಳಿ ಅಂದ್ರು. ಇಂಥಾ ಒಂದು ದಿನ ಅಂತ ಹೇಳೋ ಬದಲು ಅವರು ಜಾಸ್ತಿ ಒಟ್ಟಾರೆ ಮಾತೇ ಹೇಳಿದ್ರು, "ಮಕ್ಕಳು ಚಿಕ್ಕವರಿದ್ದಾಗ ಖುಷಿ ಇತ್ತು" ಅಂತಾರಲ್ಲ ಆ ಥರ. ಆಮೇಲೆ ಡಿಪ್ರೆಶನ್ ಇರೋರಲ್ಲೂ ಇದೇ ಕಂಡಿದೆ. ನೋವಿನ ವಿವರ ಮುಟ್ಟೋಕೆ ಇಷ್ಟ ಇಲ್ದೆ ಮನಸ್ಸು ಅರ್ಧದಲ್ಲೇ ನಿಂತುಬಿಡತ್ತೆ, ಕೊರಗೋದ್ರಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ, ಜೊತೆಗೆ ಹುಡುಕೋ ಶಕ್ತಿನೂ ಇರಲ್ಲ. ಹೀಗಾದಾಗ ಇವತ್ತಿನ ಕಷ್ಟಕ್ಕೆ ದಾರಿ ಹುಡುಕೋದೂ ಕಷ್ಟ, ಯಾಕಂದ್ರೆ ಹಿಂದೆ ಅಂಥದ್ದೇ ಒಂದನ್ನ ಹೇಗೆ ದಾಟಿದ್ವಿ ಅನ್ನೋ ವಿವರಾನೇ ಕೈಗೆ ಸಿಗಲ್ಲ.

ಅದಕ್ಕೇ "ನೆನಪಿದ್ಯಾ ಅಪ್ಪಾ?" ಅಂತ ಪರೀಕ್ಷೆ ಮಾಡ್ಬೇಡಿ. ಒಂದು ಫೋಟೋ ಕೈಗೆ ಕೊಟ್ಟು, ಅವತ್ತು ಅಮ್ಮ ಯಾಕೆ ನಗ್ತಿದ್ರು, ಫೋಟೋ ತೆಗೆದೋರು ಯಾರು ಅಂತ ಸಣ್ಣದಾಗಿ ಕೇಳಿ, ಆಮೇಲೆ ಸುಮ್ನೆ ಕಾಯಿರಿ. ಅತ್ತರೆ ಮಾತು ಬದಲಾಯಿಸ್ಬೇಡಿ, ಅವರ ದುಃಖಕ್ಕೂ ಜಾಗ ಬೇಕು. ವಯಸ್ಸಾದೋರು ಹಿಂದಿನ ಬದುಕನ್ನ ತಿರುಗಿ ನೋಡೋದು ಸಹಜ ಅಂತ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದಾರೆ. ಆದ್ರೆ ಯಾವ ಕಥೆ ಶುರುಮಾಡಿದ್ರೂ "ನಾನೇ ಅವಳನ್ನ ಸರಿಯಾಗಿ ನೋಡ್ಕೊಳ್ಲಿಲ್ಲ" ಅಂತಲೇ ಮುಗೀತಿದ್ರೆ ಅದು ಕೊರಗು, ಕೌನ್ಸೆಲಿಂಗ್ ಬೇಕು. ನೆನಪನ್ನ ವಿವರವಾಗಿ ಹೇಳೋ ಅಭ್ಯಾಸ ಮಾಡಿಸೋ ತರಬೇತಿನೂ ಇದೆ.

ನೀವೆಲ್ಲ ಸೇರಿದ್ದೇ ನೆನಪಿಲ್ಲ, ಸುಳಿವು ಕೊಟ್ರೂ ಬರಲ್ಲ, ಸ್ವಲ್ಪ ಹೊತ್ತಲ್ಲೇ ಅದೇ ಪ್ರಶ್ನೆ ಮತ್ತೆ, ಗೊತ್ತಿರೋ ದಾರಿ ತಪ್ಪೋದು, ದುಡ್ಡಿನ ಲೆಕ್ಕ ಗೊಂದಲ, ಇವು ಬೇರೆ. ತಡ ಮಾಡದೆ ವೈದ್ಯರ ಹತ್ರ ಕರ್ಕೊಂಡು ಹೋಗಿ. ಬದುಕೋದು ಯಾಕೆ ಅಂತ ಏನಾದ್ರೂ ಅಂದ್ರೆ ಅವತ್ತೇ ಹೋಗಿ, ಒಬ್ಬರನ್ನೇ ಬಿಡ್ಬೇಡಿ. ಡಿಪ್ರೆಶನ್ನು, ಥೈರಾಯ್ಡು, ಬಿ12 ಕೊರತೆ, ಕೆಲವು ನಿದ್ದೆ ಮಾತ್ರೆ, ಇವೆಲ್ಲ ಮರೆವಿನ ಕಾಯಿಲೆ ಥರಾನೇ ಕಾಣ್ಬಹುದು, ಇವಕ್ಕೆ ಚಿಕಿತ್ಸೆ ಇದೆ, ಅದಕ್ಕೇ ಮನೇಲೇ ತೀರ್ಮಾನ ಮಾಡ್ಕೋಬೇಡಿ. ಹೋಗೋವಾಗ ಅವರು ತಗೊಳ್ಳೋ ಮಾತ್ರೆಗಳನ್ನೆಲ್ಲ ತಗೊಂಡು ಹೋಗಿ, ಯಾವಾಗಿಂದ ಹೀಗೆ ಅಂತ ಹೇಳೋಕೆ ನೀವೂ ಒಳಗೆ ಕೂತ್ಕೊಳ್ಳಿ.