ಮರುಭೂಮಿಯಲ್ಲಿ ಇದ್ದು ಬಂದವರಿಗೆ ನೀರಿನ ಬೆಲೆ ನಿಜವಾಗಿ ಗೊತ್ತಾಗುತ್ತಾ, ಅಥವಾ ಅದು ಸುಮ್ನೆ ಹೇಳೋ ಮಾತಾ?

ಗೊತ್ತಾಗುತ್ತದೆ. ಆದರೆ ನೀವು ಅಂದುಕೊಂಡ ಹಾಗೆ ಗಂಟಲು ಒಣಗಿ ಅಲ್ಲ. ವಿಂಡ್‌ಮಿಲ್ ಕೆಲಸಕ್ಕೆ ಕಂಪನಿಯವರು ನನ್ನನ್ನು ಮುಂಬೈಯಿಂದ ರಾಜಸ್ಥಾನದ ಜೈಸಲ್ಮೇರ್ ಕಡೆಗೆ ಕಳಿಸಿದ್ದರು. ಸೈಟಿಗೆ ನೀರಿನ ಕ್ಯಾನ್ ಬರುತ್ತಿತ್ತು, ಬಾಯಾರಿ ಒದ್ದಾಡಿದ ಕಥೆ ನನ್ನ ಹತ್ತಿರ ಇಲ್ಲ. ಕಲಿತದ್ದೆಲ್ಲ ಪಕ್ಕದ ಹಳ್ಳಿಯವರನ್ನು ನೋಡಿ.

ಅಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸಾಮಾನ್ಯವಾಗಿ 200 ಮಿ.ಮೀ. ಒಳಗೆ. 2005ರ ಜುಲೈ 26ರಂದು ನಮ್ಮ ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಿತ್ತು. ಅಷ್ಟೂ ಸಮುದ್ರ ಸೇರಿತು, ಅಲ್ವಾ? ಆ ಹಳ್ಳಿಯವರು, ಬೀಳುವ ಚೂರುಪಾರು ಮಳೆಯನ್ನು ಟಾಂಕಾದಲ್ಲಿ ಹಿಡಿದು ತಿಂಗಳುಗಟ್ಟಲೆ ಕುಡಿಯುತ್ತಾರೆ.

ಟಾಂಕಾ ಅಂದರೆ ನೆಲದೊಳಗಿನ ತೊಟ್ಟಿ. ಸುತ್ತಲೂ ದುಂಡನೆಯ ಅಂಗಳ, ಅದಕ್ಕೆ ಆಗೋರ್ ಅನ್ನುತ್ತಾರೆ. ಅಂಗಳ ತೊಟ್ಟಿಯ ಕಡೆಗೆ ಸ್ವಲ್ಪ ಇಳಿಜಾರು, ಬಿದ್ದ ನೀರು ಕಿಂಡಿಗಳಿಂದ ಒಳಗೆ ಇಳಿಯುತ್ತದೆ. ಮಳೆಗೆ ಮುಂಚೆ ಅದನ್ನು ಗುಡಿಸಿ ಇಡುತ್ತಾರೆ. ಚಪ್ಪಲಿ ಕಾಲಲ್ಲಿ ಹತ್ತಿದರೆ ಬೈಗುಳ ಗ್ಯಾರಂಟಿ. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಟಾಂಕಾದ ಮುಚ್ಚಳಕ್ಕೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಬಕೆಟ್ ಇಳಿಸುವಾಗ ಹಗ್ಗ ಎಷ್ಟು ಒಳಗೆ ಹೋಯಿತು ಅಂತ ನೋಡಿ, ಇನ್ನೆಷ್ಟು ದಿನಕ್ಕೆ ಆದೀತು ಅಂತ ಹೇಳುತ್ತಿದ್ದರು. ಊಟದ ತಟ್ಟೆಯನ್ನು ಮರಳಲ್ಲಿ ಉಜ್ಜಿ ಬಟ್ಟೆಯಲ್ಲಿ ಒರೆಸಿದರೆ ಆಯಿತು, ಜಿಡ್ಡಿನ ಸುಳಿವೇ ಇಲ್ಲ. ಸ್ನಾನ ಹಗ್ಗದ ಮಂಚದ ಮೇಲೆ ಕೂತು, ಕೆಳಗೆ ಅಗಲವಾದ ಪರಾತ. ಪರಾತದಲ್ಲಿ ಬಿದ್ದ ನೀರು ಬಟ್ಟೆ ಒಗೆಯಲಿಕ್ಕೆ, ಮಿಕ್ಕಿದ್ದು ಬೇವಿನ ಬುಡಕ್ಕೆ.

ಇದನ್ನೆಲ್ಲ ದೂರದಲ್ಲಿ ಕೂತು ಹೊಗಳೋದು ಸುಲಭ. ಕೊಡ ಹೊರುವವರು ಹೆಂಗಸರೇ. ಬೋರ್ ಹೊಡೆಸಿದರೂ ಬಹಳ ಕಡೆ ಉಪ್ಪು ನೀರು. ಪಂಜಾಬಿನಿಂದ ಇಂದಿರಾ ಗಾಂಧಿ ಕಾಲುವೆ ಬಂದ ಮೇಲೆ ಎಷ್ಟೋ ಊರಿಗೆ ಅನುಕೂಲ ಆಗಿದೆ, ಬೇಡ ಅನ್ನಲು ನಾವು ಯಾರು?

ನನಗೆ ತಟ್ಟಿದ್ದು ಆ ಲೆಕ್ಕ. ಎಷ್ಟು ನೀರಿದೆ ಅಂತ ಅಜ್ಜಿಗೆ ದಿನವೂ ಗೊತ್ತಿತ್ತು. ಮುಂಬೈಯಲ್ಲಿ ನಮಗೆ ಭಾತ್ಸಾ, ತಾನ್ಸಾ, ವೈತರಣಾ ಕೆರೆಗಳ ಕಡೆಯಿಂದ ನೀರು ಬರುತ್ತದೆ. ಜೂನ್ ಹೊತ್ತಿಗೆ ಪೇಪರಿನಲ್ಲಿ ಕೆರೆಗಳಲ್ಲಿ ಉಳಿದ ನೀರಿನ ಶೇಕಡಾವಾರು ಬಂದಾಗ ಮಾತ್ರ ಅವುಗಳ ನೆನಪು.

ವಾಪಸ್ ಬಂದ ಮೇಲೆ ನಮ್ಮ ಗೋರೆಗಾಂವ್ ಸೊಸೈಟಿಯಲ್ಲಿ ಗಂಟುಬಿದ್ದು ಒಂದು ಕೆಲಸ ಮಾಡಿಸಿದೆ. ವಾಚ್‌ಮನ್ ಬೆಳಿಗ್ಗೆ ಕೆಳಗಿನ ಟ್ಯಾಂಕಿಗೆ ಕೋಲು ಇಳಿಸಿ, ನೀರು ಎಷ್ಟಿದೆ ಅಂತ ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ಬರೆಯುತ್ತಾನೆ. "ಇದೆಂತ ಮಾರಾಯ್ರೆ, ಕ್ರಿಕೆಟ್ ಸ್ಕೋರಾ?" ಅಂತ ಮೇಲಿನ ಮನೆಯ ಶೆಟ್ಟರು ನಕ್ಕರು. ಈಗ ಬರೆಯೋದು ತಡವಾದರೆ ವಾಚ್‌ಮನ್‌ಗೆ ಮೊದಲು ಫೋನ್ ಹಚ್ಚುವವರು ಅವರೇ. ಟ್ಯಾಂಕರ್ ಕರೆಸೋದೂ ಮೊದಲಿಗಿಂತ ಕಡಿಮೆಯಾಗಿದೆ.