ಆಗಮನ ಕಾಲದಲ್ಲಿ ಪ್ರಾಗ್ ಕೋಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಾಯಿಯವರಿಗೆ 68 ವರ್ಷ. ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರದ ನವೇನ ಪ್ರಾರ್ಥನೆಗೆಂದು ನಲವತ್ತು ವರ್ಷಗಳಿಂದ ಹೋಗುತ್ತಿದ್ದಾರೆ. ಮೂಲ ಪ್ರತಿಮೆ ಇರುವ ಪ್ರಾಗ್ ನಗರವನ್ನು ಒಮ್ಮೆ ನೋಡಬೇಕೆಂಬುದು ಅವರ ಆಸೆ. ಡಿಸೆಂಬರಿನಲ್ಲಿ ಹೋಗೋಣವೆಂದು ವಿಚಾರಿಸಿದರೆ, ಪ್ರವಾಸ ಸಂಸ್ಥೆಯೊಂದು ಕೊಟ್ಟ ಪಟ್ಟಿಯಲ್ಲಿ ಕೋಟೆಗೆ ಎರಡು ಗಂಟೆ, ಕ್ರಿಸ್ಮಸ್ ಸಂತೆಗೆ ಅರ್ಧ ದಿನ ಎಂದಿದೆ. ಬಾಲಯೇಸುವಿನ ಹೆಸರೇ ಇಲ್ಲ. ನಾವೇ ಯೋಜಿಸಿಕೊಂಡು ಹೋಗಬಹುದೇ? ಮಂಡಿನೋವಿರುವ ತಾಯಿಗೆ ಕೋಟೆಯ ಏರು ಸಾಧ್ಯವೇ?
– ಓದುಗರೊಬ್ಬರು, ವಿವೇಕನಗರ

ಉತ್ತರ: ಖಂಡಿತ ಹೋಗಬಹುದು. ಆ ಪಟ್ಟಿಯನ್ನು ಬದಿಗಿಟ್ಟರೇ ಒಳ್ಳೆಯದು, ಏಕೆಂದರೆ ಅದನ್ನು ಬರೆದವರಿಗೆ ಕೋಟೆಗೂ ಬಾಲಯೇಸುವಿಗೂ ಇರುವ ನಂಟು ತಿಳಿದಂತಿಲ್ಲ. ಕೋಟೆಯ ಪೂರ್ವದ ತುದಿಯಲ್ಲಿರುವ ಲೊಬ್ಕೊವಿತ್ಸ್ ಅರಮನೆಯು 17ನೆಯ ಶತಮಾನದಲ್ಲಿ ಪೊಲಿಕ್ಸೆನಾ ಎಂಬ ಶ್ರೀಮಂತ ಕ್ಯಾಥೊಲಿಕ್ ಮಹಿಳೆಯ ಮನೆಯಾಗಿತ್ತು. 1618ರ ಮೇ 23ರಂದು ಪ್ರಾಟೆಸ್ಟೆಂಟ್ ಮುಖಂಡರು ಚಕ್ರವರ್ತಿಯ ಇಬ್ಬರು ಪ್ರತಿನಿಧಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಹಳೆಯ ಅರಮನೆಯ ಕಿಟಕಿಯಿಂದ ಹೊರಗೆಸೆದಾಗ, ಬದುಕುಳಿದವರಿಗೆ ಆಶ್ರಯ ಸಿಕ್ಕಿದ್ದು ಈಕೆಯ ಮನೆಯಲ್ಲಿ; ಆ ಘಟನೆಯೇ ಮೂವತ್ತು ವರ್ಷಗಳ ಯುದ್ಧಕ್ಕೆ ನಾಂದಿಯಾಯಿತು. ಪೊಲಿಕ್ಸೆನಾರ ತಾಯಿ ಮರಿಯಾ ಮನ್ರಿಕೆ ದೆ ಲಾರಾ ಸ್ಪೇನಿನಿಂದ ತಂದಿದ್ದ ಬಾಲಯೇಸುವಿನ ಪುಟ್ಟ ಪ್ರತಿಮೆಯನ್ನು, ಆ ಯುದ್ಧದ ನಡುವೆ, 1628ರಲ್ಲಿ, ಪೊಲಿಕ್ಸೆನಾ ಕೋಟೆಯ ಕೆಳಗಿನ ಮಾಲಾ ಸ್ತ್ರಾನಾ ಪ್ರದೇಶದಲ್ಲಿದ್ದ ಕಾರ್ಮೆಲ್ ಸಭೆಯ ಸಂನ್ಯಾಸಿಗಳಿಗೆ ಕೊಟ್ಟರು. ನಿಮ್ಮ ತಾಯಿಯವರು ಗುರುವಾರ ಗುರುವಾರ ಕೈಮುಗಿಯುವ ರೂಪದ ಮೂಲ ಅದೇ. ಎತ್ತರ ಕೇವಲ 47 ಸೆಂಟಿಮೀಟರ್ ಎಂಬುದನ್ನು ಮೊದಲೇ ಹೇಳಿಡಿ. ಮೊದಲ ಬಾರಿ ಕಂಡವರು ಇಷ್ಟು ಚಿಕ್ಕದೇ ಎಂದು ಬೆರಗಾಗುವುದುಂಟು.

ಆಗಮನ ಕಾಲದಲ್ಲಿ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ, ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಪ್ರತಿಮೆಗೆ ನೂರಕ್ಕೂ ಹೆಚ್ಚು ನಿಲುವಂಗಿಗಳಿವೆ, ಅವುಗಳ ಬಣ್ಣವು ಚರ್ಚಿನ ಪೂಜಾಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಆಗಮನ ಕಾಲಕ್ಕೆ ನೇರಳೆ, ಕ್ರಿಸ್ಮಸ್ ಬಂದೊಡನೆ ಬಿಳಿ. ರಾಣಿ ಮರಿಯಾ ತೆರೇಸಾ ತನ್ನ ಕೈಯಾರೆ ಹೊಲಿದಳೆಂದು ನಂಬಲಾಗಿರುವ ಹಸಿರು ಅಂಗಿಯೂ ಅವುಗಳಲ್ಲಿ ಒಂದು. ಚರ್ಚಿನ ಒಳಗೇ ಇರುವ ಚಿಕ್ಕ ಸಂಗ್ರಹಾಲಯದಲ್ಲಿ ಕೆಲವನ್ನು ನೋಡಬಹುದು.

ಇನ್ನು ಮಂಡಿಯ ವಿಷಯ. ಕೆಳಗಿನಿಂದ ಕೋಟೆಗೆ ಹತ್ತುವ ಮೆಟ್ಟಿಲುಗಳ ಸಹವಾಸವೇ ಬೇಡ. 22ನೆಯ ಸಂಖ್ಯೆಯ ಟ್ರಾಮ್ ಹಿಡಿದು ಕೋಟೆಯನ್ನೂ ದಾಟಿ, ಪೊಹೊರ್ಜೆಲೆಟ್ಸ್ ಎಂಬ ನಿಲ್ದಾಣದಲ್ಲಿ ಇಳಿಯಿರಿ. 12ನೆಯ ಶತಮಾನದ ಸ್ತ್ರಾಹೋವ್ ಮಠ ಅಲ್ಲೇ ಇದೆ. ಅಲ್ಲಿಂದ ಇಳಿಜಾರಿನಲ್ಲಿ ಲೊರೆಟಾ ಮಾತೆಯ ಪುಣ್ಯಕ್ಷೇತ್ರ. ಅದರ ಗೋಪುರದ 27 ಗಂಟೆಗಳು ತಾಸಿಗೊಮ್ಮೆ ಮರಿಯ ಮಾತೆಯ ಗೀತೆಯನ್ನು ನುಡಿಸುತ್ತವೆ, ಆದುದರಿಂದ ಗಡಿಯಾರ ನೋಡಿಕೊಂಡು ಐದು ನಿಮಿಷ ಮೊದಲೇ ಎದುರಿನ ಅಂಗಳದಲ್ಲಿ ನಿಂತಿರಿ. ಲೊರೆಟಾದಿಂದ ಹ್ರಾದ್ಚಾನಿ ಚೌಕದ ಮೂಲಕ ಕೋಟೆಯ ಹೆಬ್ಬಾಗಿಲಿಗೆ ಹೋಗಬಹುದು. ದಾರಿಗೆ ಕಲ್ಲು ಹಾಸಿರುವುದರಿಂದ ಹಿಡಿತವಿರುವ ಅಡಿಯ ಬೂಟು ಬೇಕೇ ಬೇಕು.

ಕೋಟೆಯೆಂದರೆ ಚಿತ್ರದುರ್ಗದಂತೆ ಏಳುಸುತ್ತಿನ ಗೋಡೆಗಳನ್ನು ನಿರೀಕ್ಷಿಸಬೇಡಿ. ಸುಮಾರು 17 ಎಕರೆಯಲ್ಲಿ ಅರಮನೆಗಳು, ಚರ್ಚುಗಳು, ಓಣಿಗಳು ಸೇರಿಕೊಂಡಿರುವ ಪೇಟೆಯದು. ಚೆಕ್ ಗಣರಾಜ್ಯದ ಅಧ್ಯಕ್ಷರ ಕಚೇರಿ ಅದರೊಳಗಿದೆ. ಸಂತ ವೀಟರ ಪ್ರಧಾನಾಲಯವು (ಕೆಥೆಡ್ರಲ್) ಪ್ರಾಗ್ ಮಹಾಧರ್ಮಾಧ್ಯಕ್ಷರ ಪೀಠವೂ ಹೌದು. 1344ರಲ್ಲಿ ಕಟ್ಟಲು ಆರಂಭಿಸಿದ ಈ ಪ್ರಧಾನಾಲಯ ಮುಗಿದದ್ದು 1929ರಲ್ಲಿ. (ಬೆಂಗಳೂರಿನ ಮೇಲ್ಸೇತುವೆಗಳ ಬಗ್ಗೆ ಗೊಣಗುವವರಿಗೆ ಇದು ಸ್ವಲ್ಪ ಸಮಾಧಾನ ಕೊಡಬಹುದು.) ಶಿವಾಜಿನಗರದ ಸಂತ ಮರಿಯ ಬಸಿಲಿಕದ ಚೂಪು ಕಮಾನುಗಳನ್ನು ನೋಡಿ ಬೆಳೆದ ಕಣ್ಣಿಗೆ ಆ ಶೈಲಿ ಅಪರಿಚಿತವೆನಿಸದು, ಆದರೆ ಗಾತ್ರ ಮಾತ್ರ ದಂಗುಬಡಿಸುತ್ತದೆ. ಚಳಿಗಾಲದಲ್ಲಿ ಒಳಾಂಗಣಗಳು ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಮಾತ್ರ ತೆರೆದಿರುತ್ತವೆ. ಭಾನುವಾರ ಬೆಳಗ್ಗೆ ಬಲಿಪೂಜೆ (ಮಾಸ್) ಇರುವುದರಿಂದ ಪ್ರವಾಸಿಗರಿಗೆ ಪ್ರಧಾನಾಲಯ ತೆರೆಯುವುದು ಮಧ್ಯಾಹ್ನದ ಹೊತ್ತಿಗೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದೂ ನಾಲ್ಕರ ಸುಮಾರಿಗೇ. ಬಣ್ಣದ ಗಾಜಿನ ಕಿಟಕಿಗಳನ್ನು ಬೆಳಕಿರುವಾಗಲೇ ನೋಡಿ. 287 ಮೆಟ್ಟಿಲುಗಳ ಗೋಪುರವನ್ನು ನೀವು ಹತ್ತಿ ಬನ್ನಿ, ತಾಯಿಯವರು ಸಂತ ವೆನ್ಸೆಸ್ಲಾಸರ ಗುಡಿಯ ಬಾಗಿಲಲ್ಲಿ ನಿಂತು ಗೋಡೆಯಲ್ಲಿ ಹುದುಗಿಸಿರುವ ರತ್ನಶಿಲೆಗಳನ್ನು ನೋಡುತ್ತಿರಲಿ.

ಕೊನೆಗೆ ಲೊಬ್ಕೊವಿತ್ಸ್ ಅರಮನೆಯನ್ನು ನೋಡಿಕೊಂಡು, ಅದರ ಪಕ್ಕದ ಮೆಟ್ಟಿಲಿಳಿಯದೆ ಹಿಂದಿರುಗಿ ಅದೇ 22ನೆಯ ಟ್ರಾಮ್ ಹತ್ತಿರಿ. ಹೆಲಿಖೋವಾ ನಿಲ್ದಾಣದಲ್ಲಿ ಇಳಿದರೆ ಬಾಲಯೇಸುವಿನ ಚರ್ಚು ಕೂಗಳತೆಯಲ್ಲಿದೆ. ಪ್ರತಿಮೆಯೂ ಕೋಟೆಯಿಂದ ಕೆಳಗಿಳಿದು ಬಂದದ್ದು ಇಲ್ಲಿಗೇ.

ಪ್ರಶ್ನೆ: ಆಗಮನ ಕಾಲವೆಂದರೆ ಕ್ರಿಸ್ಮಸ್ ಹಬ್ಬವೇ ಅಲ್ಲವೇ? ಪ್ರಾಗ್‌ನಲ್ಲಿ ಬೆಳಗಿನ ಜಾವ ಮೇಣದಬತ್ತಿಯ ಬೆಳಕಿನಲ್ಲಿ ಪೂಜೆ ನಡೆಯುತ್ತದೆಂದು ಕೇಳಿದ್ದೇವೆ. ಕ್ರೈಸ್ತರಲ್ಲದ ನಮ್ಮನ್ನು ಒಳಗೆ ಬಿಡುತ್ತಾರೆಯೇ?
– ದಂಪತಿ, ಜಯನಗರ

ಉತ್ತರ: ಅಲ್ಲ, ಅದು ಹಬ್ಬಕ್ಕೆ ಮುಂಚಿನ ಕಾಯುವಿಕೆ. ಕ್ರಿಸ್ಮಸ್‌ಗೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಳ್ಳುವ ಈ ಕಾಲವು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುವ ಭಾನುವಾರದಂದು ಆರಂಭವಾಗುತ್ತದೆ. ಹಸಿರೆಲೆಯ ಬಳೆಯಲ್ಲಿ ನಾಲ್ಕು ಮೇಣದಬತ್ತಿಗಳನ್ನಿಟ್ಟು ವಾರಕ್ಕೊಂದರಂತೆ ಹಚ್ಚುತ್ತಾರೆ. ಗುರುಗಳ ಪೂಜಾವಸ್ತ್ರ ನೇರಳೆ, ಮೂರನೆಯ ಭಾನುವಾರ ಮಾತ್ರ ಗುಲಾಬಿ. ನಮ್ಮ ಮಾಲ್‌ಗಳಲ್ಲಿ ನವೆಂಬರಿನಲ್ಲೇ ಮೊಳಗುವ ಕ್ರಿಸ್ಮಸ್ ಗೀತೆಗಳಿಗೂ ಈ ಸಂಯಮಕ್ಕೂ ಬಹಳ ದೂರ.

ನೀವು ಕೇಳಿರುವ ಪೂಜೆಯ ಹೆಸರು ರೊರಾತೆ. 'ಗಗನವೇ, ಮೇಲಿಂದ ಇಬ್ಬನಿ ಸುರಿಸು' ಎಂಬ ಅರ್ಥದ, ಪ್ರವಾದಿ ಯೆಶಾಯನ ಮಾತಿನ ಲ್ಯಾಟಿನ್ ರೂಪದ ಮೊದಲ ಪದವದು. ಸೂರ್ಯೋದಯಕ್ಕೆ ಮೊದಲು, ದೀಪಗಳನ್ನು ಆರಿಸಿ, ಮೇಣದಬತ್ತಿಗಳ ಬೆಳಕಿನಲ್ಲಿ ಮರಿಯ ಮಾತೆಯ ಗೌರವಾರ್ಥ ನಡೆಯುವ ಈ ಬಲಿಪೂಜೆಗೆ ಚೆಕ್ ನಾಡಿನಲ್ಲಿ ಶತಮಾನಗಳ ಪರಂಪರೆಯಿದೆ. ಇದಕ್ಕೆಂದೇ ಚೆಕ್ ಭಾಷೆಯಲ್ಲಿ ಹುಟ್ಟಿದ ಹಳೆಯ ಹಾಡುಗಳ ಸಂಪತ್ತೇ ಇದೆ. ಧನುರ್ಮಾಸದಲ್ಲಿ ನಸುಕಿನ ಚಳಿಗೆ ಶಾಲು ಹೊದ್ದು ದೇವಸ್ಥಾನಕ್ಕೆ ಹೋಗಿ, ಬಿಸಿ ಹುಗ್ಗಿಯ ಪ್ರಸಾದಕ್ಕೆ ಕೈಯೊಡ್ಡಿದವರಿಗೆ ಆ ವಾತಾವರಣವನ್ನು ವಿವರಿಸಬೇಕಾಗಿಲ್ಲ. ತಿಂಗಳೂ ಹೆಚ್ಚುಕಡಿಮೆ ಒಂದೇ. ಪ್ರವಾಸದಲ್ಲಿ ಒಂದೇ ಒಂದು ಕಾರ್ಯಕ್ರಮಕ್ಕೆ ಬಿಡುವಿದೆಯೆಂದಾದರೆ ಸಂತೆಯನ್ನು ಬಿಟ್ಟು ಇದಕ್ಕೇ ಹೋಗಿ ಎಂದು ನಾನು ಹೇಳುತ್ತೇನೆ.

ಯಾರು ಬೇಕಾದರೂ ಒಳಗೆ ಹೋಗಿ ಕುಳಿತುಕೊಳ್ಳಬಹುದು, ಟಿಕೆಟ್ ಇಲ್ಲ. ಪಾದರಕ್ಷೆ ಕಳಚುವ ರೂಢಿಯಿಲ್ಲ, ಆದರೆ ಗಂಡಸರು ಟೋಪಿ ತೆಗೆಯಬೇಕು. ಪರಮಪ್ರಸಾದ ಸ್ವೀಕರಿಸಲು ಜನ ಸಾಲಿನಲ್ಲಿ ಹೋಗುವಾಗ ನೀವು ಕುಳಿತಲ್ಲೇ ಇರಿ, ಅದು ಕ್ಯಾಥೊಲಿಕರಿಗೆ ಮಾತ್ರ. ಮೊಬೈಲ್ ಜೇಬಿನಲ್ಲೇ ಇರಲಿ. ಯಾವ ಚರ್ಚಿನಲ್ಲಿ ಯಾವ ದಿನ ರೊರಾತೆ ಎಂಬುದು ಪ್ರತಿ ವರ್ಷವೂ ಬೇರೆಯಾಗುವುದರಿಂದ ಹೊರಡುವ ಮೊದಲು ಆಯಾ ಚರ್ಚಿನ ಪ್ರಕಟಣೆ ನೋಡಿಕೊಳ್ಳಿ.

ಡಿಸೆಂಬರ್ 5ರ ಸಂಜೆ ಊರಿನಲ್ಲಿದ್ದರೆ ಇನ್ನೊಂದು ಸೊಗಸು ಸಿಗುತ್ತದೆ. ಧರ್ಮಾಧ್ಯಕ್ಷರ ವೇಷದ ಸಂತ ಮಿಕುಲಾಶ್, ಜೊತೆಗೆ ಒಬ್ಬ ದೇವದೂತ, ಸರಪಳಿ ಎಳೆದುಕೊಂಡು ಬರುವ ಒಬ್ಬ ದೆವ್ವ ಬೀದಿಯಲ್ಲಿ ಮಕ್ಕಳನ್ನು ವಿಚಾರಿಸುತ್ತ ಅಲೆಯುತ್ತಾರೆ. ಪದ್ಯ ಒಪ್ಪಿಸಿದವರಿಗೆ ಮಿಠಾಯಿ.

ಪ್ರಶ್ನೆ: ಡಿಸೆಂಬರ್ 24ರಂದು ಪ್ರಾಗ್ ತಲುಪುವ ಟಿಕೆಟ್ ಅಗ್ಗದಲ್ಲಿದೆ. ನಾವು ಸಸ್ಯಾಹಾರಿಗಳು. ಕಾಯ್ದಿರಿಸಬಹುದೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಅಗ್ಗಕ್ಕೆ ಕಾರಣವಿದೆ. ಅಂದು ಮಧ್ಯಾಹ್ನ 12ಕ್ಕೆ ದೊಡ್ಡ ಅಂಗಡಿಗಳನ್ನು ಮುಚ್ಚಬೇಕೆಂಬ ಕಾನೂನೇ ಅಲ್ಲಿದೆ. 25 ಮತ್ತು 26ರಂದು ಅವು ತೆರೆಯುವುದೇ ಇಲ್ಲ. ಮನೆಮನೆಯಲ್ಲೂ ಕಾರ್ಪ್ ಮೀನು ಮತ್ತು ಆಲೂಗಡ್ಡೆ ಸಲಾಡ್‌ನ ಊಟ ನಡೆಯುವ ಆ ರಾತ್ರಿ ಹೋಟೆಲುಗಳನ್ನು ಹುಡುಕಿಕೊಂಡು ಅಲೆಯುವುದು ಸಸ್ಯಾಹಾರಿಗಳಿಗೆ ಹಿತವಲ್ಲ. ಡಿಸೆಂಬರಿನ ಮೊದಲೆರಡು ವಾರಗಳಲ್ಲಿ ಹೋಗಿ. ಕರಿದ ಚೀಸ್, ಬ್ರೆಡ್, ಸೂಪ್ ಎಲ್ಲೆಡೆ ಸಿಗುತ್ತವೆ, ಸೂಪಿನಲ್ಲಿ ಮಾಂಸದ ಕಟ್ಟು ಇದೆಯೇ ಎಂದು ಮಾತ್ರ ಕೇಳಿ. ಚೆಕ್ ನಾಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಅಲ್ಲಿ ಚಲಾವಣೆಯಲ್ಲಿರುವುದು ಯೂರೋ ಅಲ್ಲ, ಕೊರುನಾ.